ತಂಗಿ ತೊಳೆದ ಬಾಟ್ಲಿ

ಹೊಟ್ಟಿಬ್ಯಾನಿ ಬಂದು ಶಹಾಪುರದ ದವಾಖಾನ್ಯಾಗ ಎಂಟು ದಿನ ಬಿದ್ದಿದ್ದೆ. ಅಪೆಂಡಿಕ್ಸ್ ಬಾತು ಕೀವಾಗಿತ್ತು. ಈಗ ಕೊಯ್ಯಾಕ ಬರೂದಿಲ್ಲ, ಸೂಜಿ ಮ್ಯಾಲೆ ಬಾವು ಇಳಸ್ತೀವಿ, ಎರಡು ತಿಂಗಳಿಗಿ ಬಂದು ತೆಗಸ್ಕೋರಿ ಅಂದ್ರು ಡಾಕ್ಟರು. ಬ್ಯಾನಿ ಹೋತು, ನಾನು ಹೋಗಲಿಲ್ಲ. ಹತ್ತಿ ಬಿಡಿಸೂದು ಮುಗೀಲಿ ಅಂತ ಐದು ತಿಂಗಳು ಕಳದೆ. ಆ ತಪ್ಪು ನಂದೇ.

ಕಡೀಕ ತಂಗಿ ತಿಂಥಣಿಯಿಂದ ಬಂದು ಎಳಕೊಂಡು ಹೋದಳು. ಕೊಯ್ದ ಮ್ಯಾಲೆ ಡಾಕ್ಟರು ಅಂದ್ರು, "ತುದಿಯಾಗ ಸಣ್ಣ ಗಂಟು ಕಂಡದಮ್ಮ. ಹಳೇ ಬಾವಿಂದೋ ಕ್ಯಾನ್ಸರಿಂದೋ, ಯಾದಗಿರಿ ಲ್ಯಾಬಿನವರೇ ಹೇಳಬೇಕು." ತೆಗೆದ ತುಣುಕು ಔಷಧದ ನೀರಾಗ ಹಾಕಿ, ಬಾಟ್ಲಿ ತಂಗಿ ಕೈಯಾಗ ಕೊಟ್ರು. ಲ್ಯಾಬಿಗಿ ಎರಡು ದಿನ ರಜಾ ಇತ್ತು. ಆಕಿ ಬಾಟ್ಲಿ ಮನ್ಯಾಗ ಇಟ್ಟು ಮೂರನೇ ದಿನ ಬಸ್ಸಿನ್ಯಾಗ ಒಯ್ದಳು.

ವಾಪಸ್ ಬಂದು ಹೇಳಿದಳು, "ಏನು ಗಬ್ಬು ನಾತ ಅಕ್ಕ! ಕಣ್ಣಾಗ ನೀರು ಬಂತು. ನಿನ್ನ ಮೈಯಾಂದು ಅಂಥಾದ್ರಾಗ ಹ್ಯಾಂಗ ಇಡ್ಲಿ? ಅವತ್ತೇ ಚೆಲ್ಲಿ, ಮೂರು ಸಲ ತೊಳದು, ಕುಡಿಯೂ ನೀರು ಹಾಕಿಟ್ಟೆ."

"ಛಲೋ ಮಾಡ್ದಿ" ಅಂದೆ. ನನಗರೇ ಏನು ಗೊತ್ತಿತ್ತು.

ರಿಪೋರ್ಟ್ ಬಂದ ದಿನ ಒಳಗ ನಾನೊಬ್ಬಾಕೀನೇ ಹೋದೆ. ಡಾಕ್ಟರು ಓದಿ ಮಾರಿ ಗಂಟು ಹಾಕ್ಕೊಂಡ್ರು. "ಬುಡದಾಗ ಹಳೇ ಬಾವಷ್ಟೇ ಅದ. ತುದಿ ಕೊಳತದ, ಏನೂ ಹೇಳಾಕ ಬರೂದಿಲ್ಲಂತ. ಕೊಳೀಬಾರದಂತ ಹಾಕಿದ ಔಷಧ ಯಾರು ಚೆಲ್ಲಿದ್ರು?"

"ನಾನೇ ರೀ."

"ಬುದ್ಧಿ ಅದ ಏನು ನಿನಗ?"

"ಇಲ್ಲರೀ. ಮತ್ತೊಮ್ಮಿ ಕೊಯ್ದು ಕಳಸ್ರಿ."

"ಅಪೆಂಡಿಕ್ಸ್ ಎರಡನೇದು ಇರೂದಿಲ್ಲಮ್ಮ" ಅಂದ್ರು. ಬೈಯೂದು ಬಿಟ್ಟು ಮೆತ್ತಗ ಹೇಳಿದ್ರು, ಆರು ತಿಂಗಳಿಗೊಮ್ಮಿ ಸ್ಕ್ಯಾನ್ ಮಾಡಿಸ್ಕೋತ ಇರಬೇಕು ಅಂತ.

ಹೊರಗ ತಂಗಿ ನಿಂತಿದ್ದಳು. "ಏನಂದ್ರು?"

"ಏನೂ ಇಲ್ಲಂತ."

ಆಕಿ ಅಲ್ಲೇ ಕುಂತು ಸೆರಗು ಬಾಯಿಗಿಟ್ಟು ಅತ್ತಳು. ನಾನು ಅಳಲಿಲ್ಲ. ಆಕಿಗಿ ಓದಾಕ ಬರೂದಿಲ್ಲ, ಅದಕ್ಕೇ ಇದು ಬರಿಯಾಕ ಧೈರ್ಯ ಬಂದದ.

ಸ್ಕ್ಯಾನಿಗಿ ಹೋದಾಗೆಲ್ಲ ಆಕೀನೂ ಬರ್ತಾಳ. "ಏನೂ ಇಲ್ಲಂದ್ರ ಮತ್ತ ಮತ್ತ ಯಾಕ ಕರೀತಾರ?"

"ಮಿಷನ್ ತಂದಾರ. ಯಾರರೇ ಮಲಗಬೇಕಲ್ಲ."

ನಗ್ತಾಳ. ನಾನು ಒಳಗ ಹೋಗಿ ಮಲಗ್ತೀನಿ. ಕ್ಯಾನ್ಸರ್ ಕಂಡ್ರ ನನಗೇನಾಗ್ತದ ಅನ್ನೂದಕ್ಕಿಂತ, ಹೊರಗ ಕುಂತಾಕಿಗಿ ಏನು ಹೇಳ್ಲಿ ಅನ್ನೂದೇ ದೊಡ್ಡದಾಗ್ಯಾದ. ಇನ್ನೂ ಮಾತು ಸಿಕ್ಕಿಲ್ಲ.