ಜೀನ್ ಸರಿಯಿತ್ತು, ಬೆರಳು ಅಂಟಿತ್ತು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಜೀವಕೋಶಗಳಿಗೆ ಫಾರ್ಮಲಿನ್ ಹಾಕಿ, ಒಳಗಿದ್ದದ್ದನ್ನು ಇದ್ದಂತೆಯೇ ಹಿಡಿದು ನಿಲ್ಲಿಸುವುದು ಅವಳ ಕೆಲಸ. ಇಪ್ಪತ್ತು ವರ್ಷದಲ್ಲಿ ಕೈ ಪಳಗಿತ್ತು. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ತಮ್ಮನ ಮಗಳು ಹುಟ್ಟಿದಾಗ ಎರಡೂ ಕೈಯ ಬೆರಳುಗಳು ಅಂಟಿಕೊಂಡಿದ್ದವು. ಪರೀಕ್ಷಿಸಿದ ವೈದ್ಯರು ಜೀನ್‌ಗಳೆಲ್ಲ ನೆಟ್ಟಗಿವೆ ಎಂದರು. ಅಮ್ಮನಿಗೆ ಅಷ್ಟೇ ಸಾಕಾಯಿತು. "ಅಂದ್ರೆ ಮಗು ಹೊಟ್ಟೇಲಿದ್ದಾಗ ಇವಳೇ ಏನೋ ಎಡವಟ್ಟು ಮಾಡ್ಕೊಂಡಿದಾಳೆ," ಎಂದು ಸೊಸೆಯ ಎದುರೇ ಆಡಿದಳು. ದಿನಾ ಆಡಿದಳು. ಮಗುವಿಗೆ ಎರಡು ತುಂಬುವಷ್ಟರಲ್ಲಿ ಸೊಸೆ ಅದನ್ನೆತ್ತಿಕೊಂಡು ಹೊರಟುಹೋದಳು. ತಮ್ಮ ತಡೆಯಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

ಒಂಬತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಅಮ್ಮನೂ ತೀರಿಕೊಂಡಿದ್ದಳು. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ವಿಜ್ಞಾನಿ ಒಂದು ಮಧ್ಯಾಹ್ನ ಪರದೆ ತೋರಿಸಿ ಹೇಳಿದಳು: "ನೋಡಿ ಅಕ್ಕ, ಈ ಪ್ರೋಟೀನ್‌ಗಳು ಡಿಎನ್ಎ ಮೇಲೆ ಗೊತ್ತಾದ ಜಾಗದಲ್ಲೇ ಕೂರ್ತವೆ. ಎಳೆ ಅಲ್ಲಿ ಬಾಗಿ, ಜೀನನ್ನ ಎಬ್ಬಿಸೋ ದೂರದ ಸ್ವಿಚ್ಚು ತನ್ನ ಜೀನಿನ ಹತ್ರ ಬರುತ್ತೆ. ಪಕ್ಕದ ಜೀನಿನ ಕಡೆ ಹೋಗದ ಹಾಗೆ ಗೋಡೆನೂ ಇವೇ. ಆ ಕೂರೋ ಜಾಗಾನೇ ಇಲ್ದಿದ್ರೆ ಸ್ವಿಚ್ಚು ಬೇರೆ ಜೀನನ್ನ ಎಬ್ಬಿಸಿಬಿಡುತ್ತೆ. ಜೀನು ಒಂದೂ ಕೆಟ್ಟಿರಲ್ಲ, ಕೆಲವು ಮಕ್ಕಳಿಗೆ ಬೆರಳು ಮಾತ್ರ ಅಂಟ್ಕೊಂಡಿರುತ್ತೆ."

ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಮನೆಯ ಕತೆಯನ್ನೆಲ್ಲ ಹೇಳಿದಳು. ವಿಜ್ಞಾನಿ ಮೂವರ ರಕ್ತ ಬೇಕೆಂದಳು. ತಮ್ಮ ಬಂದು ಕೊಟ್ಟ. ಮಗಳನ್ನು ಕರೆತಂದ ಅವನ ಹೆಂಡತಿ ಅಕ್ಕನ ಮುಖ ನೋಡದೆ ತೋಳು ಚಾಚಿದಳು.

ಮಗುವಿನ ಡಿಎನ್ಎಯಲ್ಲಿ ಅಂಥದೊಂದು ಜಾಗ ಕಳಚಿಹೋಗಿತ್ತು. ತಂದೆತಾಯಿಯಲ್ಲಿ ಅದು ಸರಿಯಾಗೇ ಇತ್ತು. ಯಾರ ತಪ್ಪೂ ಅಲ್ಲ, ಹೊಸದಾಗಿ ಆದದ್ದು.

ಅಕ್ಕ ವರದಿ ಹಿಡಿದು, ತಮ್ಮನ ಹೆಂಡತಿ ದುಡಿಯುವ ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಕಾದಳು. ಅವಳು ಊಟದ ಬಿಡುವಿನಲ್ಲಿ ಬಂದು ಎರಡು ಸಲ ಓದಿದಳು.

"ನನ್ನ ತಪ್ಪಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು ಅತ್ತಿಗೆ."

"ನಂಗೆ ಈ ವಿಷಯ ಗೊತ್ತಿರ್ಲಿಲ್ಲ ಕಣಮ್ಮ."

"ವಿಷಯ ಯಾರು ಕೇಳಿದ್ರು? 'ಅಮ್ಮ, ಸುಮ್ನಿರು' ಅಂತ ಒಂದ್ಮಾತು. ಅಷ್ಟು ಹೇಳ್ಬಹುದಿತ್ತು ನೀವು."

ತಮ್ಮನ ಹೆಂಡತಿ ವರದಿಯನ್ನು ಮಡಚಿದಳು. "ಇದು ಮಗಳ ಮುಂದಿನ ಬದುಕಿಗೆ ಬೇಕಾಗುತ್ತೆ," ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಒಳಗೆ ಹೋದಳು. ಆಮೇಲೆ ಅಕ್ಕ ಮಾಡಿದ ಫೋನುಗಳನ್ನು ಅವಳು ಎತ್ತಲಿಲ್ಲ.