ವಾರದ ಯಜಮಾನ್ತಿ

ನಮ್ಮ ಪುತ್ತೂರಿನ ಮನೆಯ ನಲ್ಲಿಯಲ್ಲಿ ಬೆಳಿಗ್ಗೆ ನೀರು ಬಿಟ್ಟ ಮೊದಲ ಐದು ನಿಮಿಷ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತದೆ. ಕೆಲವು ದಿನ ಸಣ್ಣಗೆ, ಕೆಲವು ದಿನ ಮೂಗು ಉರಿಯುವಷ್ಟು. ಮನೆಯವರು ಗೊಣಗುತ್ತ ಕೊಡಪಾನವನ್ನು ಆಚೆ ಸರಿಸುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ. ಆ ವಾಸನೆ ಬಂದರೆ ನನಗೆ ಮತ್ತೆ ಹದಿನಾಲ್ಕು ವರ್ಷ. ಉಪ್ಪಿನಂಗಡಿಯ ಚಿಕ್ಕಮ್ಮನ ಮನೆಯ ಅಟ್ಟದ ಮೇಲಿದ್ದ, ಮುಚ್ಚಳ ಸರಿಯಾಗಿ ಕೂರದ ತಗಡಿನ ಡಬ್ಬ ಕಣ್ಣ ಮುಂದೆ ಬರುತ್ತದೆ. ಅದರ ಕೆಳಗೆ ಹೊಲಿಗೆ ಯಂತ್ರ, ಯಂತ್ರದ ಎಣ್ಣೆ ಮತ್ತು ಹೊಸ ಬಟ್ಟೆಯ ಗಂಜಿ ಸೇರಿದ ವಾಸನೆ, ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡು ಯಾವ ಪ್ರಶ್ನೆಗೂ ಉತ್ತರ ಕೊಡದ ಚಿಕ್ಕಮ್ಮ. ಕಳೆದ ಬೇಸಿಗೆಯ ಶುರುವಿನಲ್ಲಿ ಅವರು ತೀರಿಹೋದರು. ಅವರ ಮೇಲೆ ನನಗಿದ್ದ ಸಿಟ್ಟು ಮಾತ್ರ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಈ ಮನೆಯಲ್ಲೇ ಉಳಿದುಕೊಂಡಿದೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ, ಗಿರಿಜ. ಊರಿಗೆಲ್ಲ ಹೊಲಿಗೆ ಟೀಚರ್. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಪೇಟೆಯ ಹಿಂದಿನ ಓಣಿಯಲ್ಲಿ ಮೂರು ಕೋಣೆಯ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಕಡಬದ ಆಚೆಯ ನಮ್ಮ ಊರಿನಲ್ಲಿ ಐದನೆಯ ತರಗತಿಗಿಂತ ಮೇಲೆ ಶಾಲೆ ಇರಲಿಲ್ಲವಾದ್ದರಿಂದ ನನ್ನನ್ನು ಅವರಲ್ಲಿ ಬಿಟ್ಟಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಹಿತ್ತಿಲ ಬಾಗಿಲಿನಿಂದ ಬಿಸಿ ಮರಳಿನ ವಾಸನೆ ಒಳಗೆ ಬರುತ್ತಿತ್ತು. ಜಗಲಿಯಲ್ಲಿ ಎರಡು ಬೆಂಚು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಬೆಂಚುಗಳಲ್ಲಿ ನಾವು ಏಳೆಂಟು ಹುಡುಗಿಯರು ಕೂರುತ್ತಿದ್ದೆವು. ಪೇಟೆಯವರು ನಮ್ಮನ್ನು ಶನಿವಾರದ ಮಕ್ಕಳು ಎನ್ನುತ್ತಿದ್ದರು. ನಮ್ಮ ಗುಂಪಿಗೆ ಒಂದು ಒಳ್ಳೆಯ ಹೆಸರಿಡಿ ಎಂದು ನಾವು ಎಷ್ಟು ಕೇಳಿದರೂ ಚಿಕ್ಕಮ್ಮ ಒಪ್ಪಲಿಲ್ಲ. ಹೆಸರಿಟ್ಟರೆ ಅಧ್ಯಕ್ಷರು ಬೇಕಾಗುತ್ತಾರೆ, ಅಧ್ಯಕ್ಷರಿಗೆ ಹಾರ ಬೇಕಾಗುತ್ತದೆ, ಹಾರ ಕಟ್ಟುವುದರಲ್ಲೇ ಶನಿವಾರ ಮುಗಿಯುತ್ತದೆ ಎನ್ನುತ್ತಿದ್ದರು.

ನಾವು ಮಾಡುತ್ತಿದ್ದ ಕೆಲಸಗಳು ಸಣ್ಣವು. ಬೀಡಿ ಕಟ್ಟುವ ಹೆಂಗಸರಿಗೆ ಅವರವರ ಹೆಸರು ಬರೆಯಲು ಕಲಿಸುವುದು, ಮುಂಬಯಿಯಿಂದ ಬಂದ ಮಕ್ಕಳ ಕಾಗದ ಓದಿ ಹೇಳುವುದು, ಕಣ್ಣು ಕಾಣದ ಮುದುಕಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಸಂತೆ ಮುಗಿದ ಜಾಗ ಗುಡಿಸುವುದು. ಇವುಗಳಲ್ಲಿ ಯಾವುದೂ ಕಷ್ಟದ್ದಲ್ಲ. ಕಷ್ಟ ಇದ್ದದ್ದು ಚಿಕ್ಕಮ್ಮನ ಕ್ರಮದಲ್ಲಿ. ಪ್ರತಿ ವಾರ ನಮ್ಮಲ್ಲಿ ಒಬ್ಬಳು ಯಜಮಾನ್ತಿ. ಏನು ಮಾಡಬೇಕು, ಯಾರು ಮಾಡಬೇಕು ಎಂದು ಹೇಳುವವಳು ಅವಳು. ಆದರೆ ಅವಳು ಒಂದು ಕಡ್ಡಿಯನ್ನೂ ತನ್ನ ಕೈಯಿಂದ ಎತ್ತುವಂತಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಕೊನೆಯಲ್ಲಿ ಅವಲಕ್ಕಿ ತಿನ್ನುವಾಗ ಅವಳಿಗೆ ಎಲ್ಲರಿಗಿಂತ ಕಡೆಗೆ, ಉಳಿದರೆ ಉಂಟು. ಏನಾದರೂ ತಪ್ಪಾದರೆ ಉಳಿದವರು ಯಾರ ಹೆಸರನ್ನೂ ಹೇಳಬಾರದು. ಯಜಮಾನ್ತಿಯೇ ಆ ಮನೆಗೆ ಒಬ್ಬಳೇ ಹೋಗಿ ತಪ್ಪು ತನ್ನದೆಂದು ಹೇಳಿ ಬರಬೇಕು.

ಈಗ ಬರೆಯುವಾಗಲೂ ನನಗೆ ರೇಗುತ್ತದೆ. ಹತ್ತು ನಿಮಿಷದಲ್ಲಿ ನಾನೊಬ್ಬಳೇ ಗುಡಿಸಿ ಮುಗಿಸಬಹುದಾದ ಜಾಗವನ್ನು ಏಳು ಹುಡುಗಿಯರಿಂದ ಗುಡಿಸಲು ಒಂದು ಗಂಟೆ ಬೇಕಿತ್ತು. ಒಬ್ಬಳಿಗೆ ಪೊರಕೆಯ ಹಿಡಿ ಚುಚ್ಚುತ್ತದೆ, ಇನ್ನೊಬ್ಬಳ ಮಾವ ಅದೇ ದಾರಿಯಲ್ಲಿ ಬರುತ್ತಾರಂತೆ, ಮತ್ತೊಬ್ಬಳಿಗೆ ನಗು ತಡೆಯುವುದಿಲ್ಲ. ನಾನು ಓಡಿ ಚಿಕ್ಕಮ್ಮನನ್ನು ಕೇಳಿದರೆ ಅವರು ಸೂಜಿಗೆ ದಾರ ಪೋಣಿಸುತ್ತ, “ಯಜಮಾನ್ತಿ ಯಾರು? ನೀನೇ ನೋಡು,” ಎನ್ನುತ್ತಿದ್ದರು. ಅಷ್ಟೇ. ಒಂದು ದಿನವೂ ಹೀಗೆ ಮಾಡು ಎಂದು ಹೇಳಿದವರಲ್ಲ. ನಮ್ಮಲ್ಲಿ ಮಾತಿನ ಮಲ್ಲಿಯಾಗಿದ್ದ ಫಿಲೋಮಿನಾ ನನ್ನ ಸರದಿ ಬಂದಾಗಲೆಲ್ಲ, “ಈ ವಾರದ ಯಜಮಾನ್ತಿಗೆ ಕೈ ಇಲ್ಲ ಮಾರಾಯ್ತಿ, ಆದ್ರೆ ನಾಲಿಗೆ ಎರಡುಂಟು,” ಎಂದು ಉಳಿದವರಿಗೆ ಕೇಳುವಂತೆ ಹೇಳುತ್ತಿದ್ದಳು. ನನ್ನ ಪರವಾಗಿ ಯಾವಾಗಲೂ ಇರುತ್ತಿದ್ದವಳು ಜಾನಕಿ. ಹೊಳೆಬದಿಯಲ್ಲಿ ಪಡ್ಪು ಎಂಬ ಜಾಗದ ಮನೆಯವಳು, ಮನೆಯಲ್ಲಿ ಅರೆಭಾಷೆ ಮಾತಾಡುವವರು. ತಂದೆ ತಾಯಿ ಇರಲಿಲ್ಲ, ಅಜ್ಜ ಸಾಕುತ್ತಿದ್ದರು. ಅವಳು ಯಜಮಾನ್ತಿಯಾದ ವಾರ ಯಾರೂ ಜಗಳವಾಡುತ್ತಿರಲಿಲ್ಲ. ಅದು ಹೇಗೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಎಂಟನೆಯ ತರಗತಿ ಮುಗಿದಾಗ ಅವಳನ್ನು ಶಾಲೆಯಿಂದ ಬಿಡಿಸಬೇಕೆಂದಿದ್ದ ಅಜ್ಜನ ಬಳಿ ಚಿಕ್ಕಮ್ಮ ಎರಡು ಸಲ ಹೋಗಿ ಮಾತಾಡಿ, ಇನ್ನೊಂದು ವರ್ಷ ಕಳಿಸಿ ನೋಡುವ ಎನ್ನುವಷ್ಟಕ್ಕೆ ಒಪ್ಪಿಸಿದ್ದರು. ಅಜ್ಜ ಒಪ್ಪಿದ್ದು ಅರ್ಧ ಮನಸ್ಸಿನಿಂದ. ಹುಡುಗಿ ಮನೆಮನೆ ಸುತ್ತಿ ಕೆಡುತ್ತಾಳೆ ಎಂಬ ಸಂಶಯ ಅವರಿಗೆ ಇದ್ದೇ ಇತ್ತು.

ಆ ಬೇಸಿಗೆಯಲ್ಲಿ ಪೇಟೆಯಲ್ಲಿ ನಾಲ್ಕಾರು ಮನೆಗಳಲ್ಲಿ ವಾಂತಿಭೇದಿ ಕಾಣಿಸಿತು. ಹೆಲ್ತ್ ಇನ್‌ಸ್ಪೆಕ್ಟರರು ಬಂದು ಬ್ಲೀಚಿಂಗ್ ಪೌಡರಿನ ಡಬ್ಬವನ್ನು ಚಿಕ್ಕಮ್ಮನಿಗೆ ಕೊಟ್ಟು, ಒಂದು ಕೋಲು ನೀರಿಗೆ ಎರಡು ಚಮಚ ಎಂದು ಲೆಕ್ಕ ಹೇಳಿ ಹೋದರು. ಅದನ್ನು ಮನೆಮನೆಯ ಬಾವಿಗೆ ಹಾಕುವುದು ನಮ್ಮ ಶನಿವಾರದ ಕೆಲಸವಾಯಿತು. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ನಮ್ಮ ಕಡೆ ಬಾವಿಯನ್ನು ಅಳೆಯುವುದು ಕೋಲಿನಲ್ಲೇ. ಬಾವಿ ಎಷ್ಟು ಕೋಲು ಎಂದು ಯಾರನ್ನು ಕೇಳಿದರೂ ಕಟ್ಟೆಯಿಂದ ತಳದವರೆಗಿನ ಲೆಕ್ಕ ಹೇಳುತ್ತಾರೆ. ತೋಡಿಸಿದವರಿಗೆ ಅದೊಂದು ದೊಡ್ಡಸ್ತಿಕೆ. ನೀರು ಎಷ್ಟಿದೆ ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಜಾನಕಿಯ ಪಡ್ಪಿನ ಮನೆಗೆ ಹೋದ ವಾರ ನಾನು ಯಜಮಾನ್ತಿ. ಅಜ್ಜ ಜಗಲಿಯಿಂದಲೇ ಹನ್ನೆರಡು ಕೋಲಿನ ಬಾವಿ ಎಂದು ಹೆಮ್ಮೆಯಿಂದ ಹೇಳಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಒಳಗೆ ಹೋದರು. ನಾನು ಹನ್ನೆರಡೆರಡಲ ಇಪ್ಪತ್ತನಾಲ್ಕು ಎಂದೆ. ಜಾನಕಿ ಬಾವಿಗೆ ಬಗ್ಗಿ ನೋಡಿದಳು. ಕತ್ತಲೆಯ ತಳದಲ್ಲಿ ನೀರು ಒಂದು ತಟ್ಟೆಯಷ್ಟು ಹೊಳೆಯುತ್ತಿತ್ತು.

“ನೀರು ಎರಡು ಕೋಲೂ ಇಲ್ಲ. ಅಷ್ಟು ಬೇಡ ಅಂತ ಅನಿಸ್ತದೆ ನಂಗೆ,” ಎಂದಳು. “ಮತ್ತೆ, ಇದರಲ್ಲಿ...”

ಫಿಲೋಮಿನಾ ನನ್ನ ಮುಖ ನೋಡಿ ನಗಲು ತಯಾರಾಗಿ ನಿಂತಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು. ಇನ್ನೂ ಮೂರು ಬಾವಿ ಬಾಕಿ ಇದ್ದವು. ನಾನು ಕೈಗಳನ್ನು ಬೆನ್ನ ಹಿಂದೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡು, “ಈ ವಾರ ಯಜಮಾನ್ತಿ ನಾನಾ, ನೀನಾ?” ಎಂದೆ. ಜಾನಕಿ ಡಬ್ಬದ ಮುಚ್ಚಳ ತೆಗೆದಳು. ಇಪ್ಪತ್ತನಾಲ್ಕು ಚಮಚ ಎಣಿಸಿ ಬಾಲ್ದಿಯ ನೀರಿನಲ್ಲಿ ಕದಡಿ, ತಿಳಿಯನ್ನು ತನ್ನ ಕೈಯಿಂದಲೇ ಬಾವಿಗೆ ಇಳಿಸಿದಳು.

ಅವಳು ಹೇಳಲು ಹೊರಟದ್ದು ಮೀನುಗಳ ವಿಷಯ. ಆ ಬಾವಿಯಲ್ಲಿ ಎರಡು ಮೀನುಗಳಿದ್ದವು. ಅಜ್ಜಿ ಹಾಸಿಗೆ ಹಿಡಿಯುವ ಮೊದಲು ಕುಮಾರಧಾರೆಯಿಂದ ಕೊಡಪಾನದಲ್ಲಿ ತಂದು ಬಿಟ್ಟವು. ಹುಳು ತಿಂದು ನೀರು ಚೊಕ್ಕ ಇಡುತ್ತವೆ ಎಂದು ನಮ್ಮ ಕಡೆ ಹಾಗೆ ಬಿಡುವುದುಂಟು. ಅಜ್ಜಿ ಹೋದ ಮೇಲೆ ಅಜ್ಜ ಬೆಳಗಿನ ಗಂಜಿಗೆ ಕೂರುವ ಮೊದಲು ನಾಲ್ಕು ಅಗುಳು ಅನ್ನ ಬಾವಿಗೆ ಹಾಕಿ, ನೀರಿನ ಮೇಲೆ ವರ್ತುಲ ಮೂಡಿದ ಮೇಲೆಯೇ ಒಳಗೆ ಬರುತ್ತಿದ್ದರಂತೆ. ಮರುದಿನ ಅಗುಳು ಹಾಕಿದಾಗ ನೀರು ಅಲ್ಲಾಡಲಿಲ್ಲ. ಎರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇದನ್ನೆಲ್ಲ ಓಣಿಯ ಕೊನೆಯವರೆಗೆ ಹೇಳಿಕೊಂಡು ಬಂದವಳು ಫಿಲೋಮಿನಾ. ಯಾರು ಹಾಕಿದ್ದು ಎಂದು ಅಜ್ಜ ಕೇಳಿದ್ದಕ್ಕೆ ಜಾನಕಿ, ನಾನೇ ಹಾಕಿದ್ದು ಎಂದಳಂತೆ. ಎಷ್ಟು ಹೊಡೆದರೂ ಬೇರೆ ಹೆಸರು ಹೇಳಲಿಲ್ಲವಂತೆ. ಜೂನಿನಲ್ಲಿ ಶಾಲೆಯೂ ಬೇಡ ಏನೂ ಬೇಡ, ಅರಂತೋಡಿನ ಅವಳ ಮಾವನಿಗೆ ಹೇಳಿ ಕಳಿಸುತ್ತೇನೆ, ಬಂದು ಕರೆದುಕೊಂಡು ಹೋಗಲಿ ಎಂದು ಅಜ್ಜ ಅಂಗಳದಲ್ಲಿ ನಿಂತು ಹೇಳಿದ್ದಾರೆ ಎಂದಳು. ಇಷ್ಟನ್ನೂ ಫಿಲೋಮಿನಾ ಹೇಳುವಾಗ ಚಿಕ್ಕಮ್ಮ ಅಲ್ಲೇ ಕುಪ್ಪಸವೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. ಹಲ್ಲಿನಿಂದ ದಾರ ಕಡಿದರು.

ನಾನು ಹೋಗಬೇಕಿತ್ತು. ಅದು ನನಗೆ ಗೊತ್ತಿತ್ತು. ಅವತ್ತು ಸಂಜೆ ತಲೆನೋವೆಂದು ಮಲಗಿದೆ. ಮರುದಿನ ಕಾಗದ ಬರೆದು ಕಳಿಸಿದರೆ ಸಾಕು ಎಂದುಕೊಂಡು ಎರಡು ಸಾಲು ಬರೆದು ಹರಿದೆ. ಮೂರನೆಯ ದಿನ ಚಿಕ್ಕಮ್ಮನೇ ಹೋಗಿ ಬರುತ್ತಾರೆ ಎಂದು ಕಾದೆ. ಅವರು ಹೋದರೆ ಅಜ್ಜ ಮಾತು ಕೇಳುತ್ತಾರೆ, ಹಿಂದೆಯೂ ಕೇಳಿದ್ದಾರಲ್ಲ. ಇಲ್ಲವೇ, ಹೋಗು ಎಂದು ನನ್ನನ್ನು ಹೊರಗೆ ದೂಡುತ್ತಾರೆ. ದೂಡಿದರೆ ಹೋಗುವುದೆಂದು ನಿಶ್ಚಯ ಮಾಡಿಕೊಂಡಿದ್ದೆ. ಚಿಕ್ಕಮ್ಮ ಎರಡನ್ನೂ ಮಾಡಲಿಲ್ಲ. ಬಟ್ಟೆ ಕತ್ತರಿಸಿದರು, ಗುಂಡಿಗೆ ಕಾಜ ತೆಗೆದರು, ಯಂತ್ರಕ್ಕೆ ಎಣ್ಣೆ ಬಿಟ್ಟರು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರು. ಆ ಯಂತ್ರದ ಕಟಕಟ ಸದ್ದು ಮನೆ ತುಂಬ ತಿರುಗುತ್ತಿತ್ತು. ಒಂದು ಮಾತು ಆಡಬಾರದೇ ಈ ಹೆಂಗಸು ಎಂದು ಗೋಡೆಗೆ ಮುಖ ಮಾಡಿ ಅತ್ತೆ.

ಐದನೆಯ ದಿನ ಬೆಳಿಗ್ಗೆ ಯಾರೂ ಹೇಳದೆ ಹೋದೆ. ಪಡ್ಪಿನ ಮನೆಯ ಬಾವಿಯನ್ನು ಬತ್ತಿಸಿ ತೊಳೆದಿದ್ದರು, ಕಟ್ಟೆಯ ಸುತ್ತ ಕಪ್ಪು ಕೆಸರು ಒಣಗುತ್ತಿತ್ತು. ಅಜ್ಜ ಬೆತ್ತದ ಬುಟ್ಟಿಯೊಂದರ ಬಾಯಿ ಕಟ್ಟುತ್ತ ಕೂತಿದ್ದರು. ಬಾವಿಯ ಲೆಕ್ಕ ನನ್ನದು, ಜಾನಕಿ ಬೇಡವೆಂದಿದ್ದಳು, ನಾನು ಕೇಳಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೆತ್ತದ ತುದಿಯನ್ನು ಒಳಗೆ ಸಿಕ್ಕಿಸಿದರು.

“ನಿನ್ನೆ ಬರ್ಬೇಕಿತ್ತು ಮಗಾ,” ಎಂದರು. “ನಿನ್ನೆ ಹನ್ನೊಂದರ ಬಸ್ಸಿಗೆ ಅವಳ ಮಾವ ಕರ್ಕೊಂಡು ಹೋದ. ಅಲ್ಲಿ ಅತ್ತೆ ಬಸುರಿ, ಜನ ಬೇಕಂತೆ. ಕೊಟ್ಟ ಮಾತು ನಾನು ಇನ್ನು ಹೇಗೆ ತಿರುಗಿಸುದು?”

ಮತ್ತೆ ಒಳಗೆ ಹೋಗಿ ತಾವೇ ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಜ್ಜಿಗೆ ಕುಡಿಯುವುದು ಕಷ್ಟವಾಯಿತು. ಮನೆಗೆ ಬಂದಾಗ ಚಿಕ್ಕಮ್ಮ, ಹೇಳಿದೆಯಾ ಎಂದು ಕೇಳಿದರು. ಹೇಳಿದೆ, ಅವಳು ಹೋದಳು ಎಂದೆ. ಯಂತ್ರ ತುಳಿಯುತ್ತಿದ್ದ ಅವರ ಕಾಲು ನಿಂತಿತು. ಅವತ್ತು ನಾನು ಅವರಿಗೆ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಅವರು ಕೇಳಿಸಿಕೊಂಡು ಕೂತರು.

ಜೂನಿನಲ್ಲಿ ಶಾಲೆ ಶುರುವಾದಾಗ ಬೆಂಚಿನಲ್ಲಿ ಒಂದು ಜಾಗ ಖಾಲಿಯಿತ್ತು. ಚಿಕ್ಕಮ್ಮ ಒಂದು ಹೊಸ ಕ್ರಮ ಹೇಳಿದರು. ಕೆಲಸ ಶುರುಮಾಡುವ ಮೊದಲು ಯಜಮಾನ್ತಿ ಪ್ರತಿಯೊಬ್ಬಳ ಹತ್ತಿರ ನಿನಗೆ ಹೇಗೆ ಅನಿಸುತ್ತದೆ ಎಂದು ಕೇಳಲೇಬೇಕು. ಮೊದಲೇ ಒಂದು ಗಂಟೆ, ಇನ್ನು ಎರಡು ಗಂಟೆ ಎಂದು ಫಿಲೋಮಿನಾ ಗೊಣಗಿದಳು. ಯಾಕೆ ಈ ಕ್ರಮ ಎಂದು ಚಿಕ್ಕಮ್ಮ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅವರು ಜಾನಕಿಯನ್ನು ಕರೆತರಲು ಅರಂತೋಡಿಗೆ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದದ್ದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಾನು ಓದಿದೆ, ಟೀಚರಾದೆ, ಪುತ್ತೂರಿನಲ್ಲಿ ಮನೆ ಮಾಡಿದೆ. ಓಣಿಯ ಆ ಮನೆ ರಸ್ತೆ ಅಗಲವಾಗುವಾಗ ಹೋಯಿತು. ಅಟ್ಟ, ಬೆಂಚು, ಹಿತ್ತಿಲ ಬಾಗಿಲು ಯಾವುದೂ ಈಗ ಇಲ್ಲ. ಅದು ಎಲ್ಲಿತ್ತು ಎಂದು ಬೆರಳು ತೋರಿಸಲು ಹೋದರೆ ಬಸ್ಸು ಅಡ್ಡ ಬರುತ್ತದೆ.

ಕೊನೆಯ ಆರು ವರ್ಷ ಚಿಕ್ಕಮ್ಮ ನನ್ನ ಮನೆಯಲ್ಲಿದ್ದರು. ಆಗಲೂ ರೇಗಿಸುವುದರಲ್ಲಿ ಕಡಿಮೆ ಇರಲಿಲ್ಲ. ಕಾಫಿ ಬೇಕಾ ಎಂದರೆ ನಿನಗೆ ಬೇಕಾ ಎಂದು ಕೇಳುವರು. ಒಂದು ಮಧ್ಯಾಹ್ನ ಅವರ ತಲೆ ಬಾಚುತ್ತ, ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. ಆಗ ಒಂದು ಮಾತು ಯಾಕೆ ಹೇಳಲಿಲ್ಲ, ಹೇಳಿದ್ದರೆ ಅವತ್ತೇ ಹೋಗುತ್ತಿದ್ದೆನಲ್ಲ ಎಂದೆ. ಎಂದಿನಂತೆ ಸುಮ್ಮನಿರುತ್ತಾರೆ ಎಂದುಕೊಂಡಿದ್ದೆ.

“ನಾನೇ ಹೋಗ್ಬೇಕಿತ್ತು,” ಎಂದರು. “ಆ ವಾರದ ಯಜಮಾನ್ತಿ ನೀನು. ನಿಮ್ಮೆಲ್ಲರಿಗೂ ಯಜಮಾನ್ತಿ ನಾನಲ್ವಾ? ನಿನಗೆ ಕಲಿಸ್ಲಿಕ್ಕೆ ಹೋಗಿ ಅವಳನ್ನು ಕಳ್ಕೊಂಡೆ.”

ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು. ಅಷ್ಟು ವರ್ಷ ಕಾದ ಉತ್ತರ ಸಿಕ್ಕಿದ ಮೇಲೆ ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಚಿಕ್ಕಮ್ಮನ ಹದಿಮೂರನೆಯ ದಿನದ ಊಟಕ್ಕೆ ಜಾನಕಿ ಅರಂತೋಡಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಳು. ನಡುವೆ ಎರಡು ಮದುವೆಗಳಲ್ಲಿ ಸಿಕ್ಕಿದ್ದಳು, ಹೆಚ್ಚು ಮಾತಾಗಿರಲಿಲ್ಲ. ಕೂದಲೆಲ್ಲ ಬಿಳಿ, ಹೆಜ್ಜೆ ಮಾತ್ರ ಹಾಗೆಯೇ. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಕೈ ಹಾಕಿ ಯಾವುದೂ ಮುಂದೆ ಹೋಗುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಅವಳು ಹಿತ್ತಿಲ ಬಾಗಿಲಲ್ಲಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಎಲೆ ತೊಳೆಯುವವರು ತೊಳೆಯುತ್ತಿದ್ದರು, ಬಡಿಸುವವರು ಬಡಿಸುತ್ತಿದ್ದರು. ಬಂದವರ ಊಟವೆಲ್ಲ ಮುಗಿದ ಮೇಲೆ ಕೊನೆಯ ಪಂಕ್ತಿಗೆ ನಾವಿಬ್ಬರೇ ಉಳಿದೆವು. ಮಜ್ಜಿಗೆ ಖಾಲಿಯಾಗಿತ್ತು. ಅವಳು ಉಳಿದ ಮೊಸರನ್ನು ಕಡೆದು, ಉಪ್ಪಿನ ಭರಣಿಯ ಮುಂದೆ ಚಮಚ ಹಿಡಿದು ನಿಂತು ನನ್ನ ಕಡೆ ನೋಡಿದಳು.

“ಎಷ್ಟು ಚಮಚ ಹಾಕುದು, ಯಜಮಾನ್ತಿ?”

ಅವಳ ಕಣ್ಣಿನಲ್ಲಿ ನಗು ಇತ್ತೋ ಇಲ್ಲವೋ ನನಗೆ ಹೇಳಲಾಗುವುದಿಲ್ಲ. ಜೂನಿನಲ್ಲಿ ಬಂದ ಹೊಸ ಕ್ರಮ ಅವಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ಅವಳು ಅದಕ್ಕೂ ಮೊದಲೇ ಹೋಗಿದ್ದಳು.

“ನಿನಗೆ ಎಷ್ಟು ಅನಿಸ್ತದೆ?” ಎಂದೆ.

ಅವಳು ಭರಣಿಗೆ ಚಮಚ ಇಳಿಸಿದಳು. ಒಂದು ಚಮಚ ಹಾಕಿದಳು, ಮತ್ತೆ ಅರ್ಧ. ಅವಳು ಎಲೆಯ ಮುಂದೆ ಕೂತ ಮೇಲೆ ನಾನು ಬೆಳಿಗ್ಗೆ ನಲ್ಲಿಯಿಂದ ಹಿಡಿದಿಟ್ಟಿದ್ದ, ವಾಸನೆ ಇನ್ನೂ ಪೂರ್ತಿ ಹೋಗಿರದ ನೀರನ್ನು ಎರಡು ಲೋಟಗಳಲ್ಲಿ ತಂದಿಟ್ಟೆ. ಜಾನಕಿ ತನ್ನ ಲೋಟವನ್ನು ಎತ್ತಿ ಮೂಗಿನ ಹತ್ತಿರ ತಂದಳು. ಅಲ್ಲೇ ಒಂದು ಕ್ಷಣ ಹಿಡಿದಳು. ಆಮೇಲೆ ಪೂರ್ತಿ ಕುಡಿದು, ಖಾಲಿ ಲೋಟವನ್ನು ನನ್ನ ಎಲೆಯ ಪಕ್ಕ ಇಟ್ಟಳು.