ಹುಳುಮನೆಯಿಂದ ಹೊರಗುಳಿದ ಮುನಿಕೃಷ್ಣ

ನನ್ನ ಮೈದುನ ಮುನಿಕೃಷ್ಣ ರೇಷ್ಮೆ ಹುಳುಮನೆಗೆ ಸುಮ್ಮನೆ ನುಗ್ಗಿದವನಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ವಾಸನೆ ಹಿಡಿಯುತ್ತಿದ್ದ. ಆಮೇಲೆ ನೆಟ್ಟಗೆ ಹೋಗಿ ಯಾವುದೋ ತಟ್ಟೆಯ ಸೊಪ್ಪು ಸರಿಸಿ, ಸುಣ್ಣಕಟ್ಟಿದ ಹುಳವನ್ನು ಎತ್ತಿ ತೋರಿಸುತ್ತಿದ್ದ. ಸುಣ್ಣಕಟ್ಟು ಅಂದರೆ ಬೂಷ್ಟಿನ ರೋಗ. ಹುಳು ಬೆಳ್ಳಗೆ ಬಳಪದಂತೆ ಸೆಟೆದು ಸಾಯುತ್ತದೆ, ಪಕ್ಕದವಕ್ಕೂ ಅಂಟುತ್ತದೆ.

"ಕನಿಕರ ಮಾಡ್ಬಾರ್ದು ಅತ್ತಿಗೆ. ಒಂದನ್ನ ಉಳಿಸಾಕೆ ಹೋದ್ರೆ ಬೆಳೆಯೆಲ್ಲ ಹೋಯ್ತದೆ" ಅನ್ನುತ್ತ ಹಿತ್ತಲ ಗುಂಡಿಗೆ ಹಾಕಿ ಮುಚ್ಚುತ್ತಿದ್ದ. ಮೇಲೂರಿನಿಂದಲೂ ಜನ ಅವನನ್ನು ಕರೆಯಲು ಬರುತ್ತಿದ್ದರು. ಮೊದಲು ಕೆಲವು ವರ್ಷ ಲಾರಿ ಓಡಿಸಿದ್ದ. ಮದುವೆ ಮಾತೆತ್ತಿದರೆ, "ಹುಳ ಸಾಕೋದೇ ಸಾಕಾಗೈತೆ, ಹೆಂಡ್ತೀನ ಬೇರೆ ಸಾಕ್ಲಾ?" ಅನ್ನುತ್ತಿದ್ದ.

ತೊಂಬತ್ತರ ಇಸವಿ ಈಚೆಗೆ ಒಂದು ಸಲ ತಲೆನೋವು ಅಂತ ಟವಲು ಬಿಗಿದು ಮಲಗಿದವನು ಏಳಲಿಲ್ಲ. ಬೆಳಕು ಕಂಡರೆ ಆಗದು, ತಿಂದದ್ದೆಲ್ಲ ವಾಂತಿ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಬೆನ್ನುಮೂಳೆಯಿಂದ ನೀರು ತೆಗೆದು ನೋಡಿದ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಪಕ್ಕಕ್ಕೆ ಕರೆದರು. ಇವನಿಗೆ ಎಚ್‌ಐವಿ ಇದೆ, ಮೈಗೆ ರೋಗ ತಡೆಯುವ ಶಕ್ತಿ ಇಲ್ಲ, ಅದಕ್ಕೇ ಮೆದುಳಿನ ಪೊರೆಗೆ ಬೂಷ್ಟು ಹತ್ತಿದೆ ಅಂದರು.

ನನ್ನ ಬಾಯಿಗೆ ಬಂದ ಮೊದಲ ಮಾತು, "ನಮ್ ಹುಳಕ್ಕೆ ಅಂಟ್ತದಾ ಸಾರ್?"

ಡಾಕ್ಟರು ನನ್ನ ಮುಖ ನೋಡಿದರು. "ಹುಳಕ್ಕೂ ಅಂಟಲ್ಲ, ನಿಮಗೂ ಅಂಟಲ್ಲ. ಈ ಬೂಷ್ಟು ಮಣ್ಣಿಂದ, ಪಾರಿವಾಳದ ಹಿಕ್ಕೆಯಿಂದ ಬರೋದು."

ಹಳದಿ ಔಷಧಿಯನ್ನು ಡ್ರಿಪ್ಪಿನಲ್ಲಿ ಬಿಡುತ್ತಿದ್ದರು. ಅದು ಒಳಗಿಳಿದರೆ ಮಂಚವೇ ಅಲ್ಲಾಡುವಂಥ ನಡುಕ. ಹಲ್ಲು ಕಟಕಟ ಅನ್ನುವಾಗಲೇ ನರ್ಸಮ್ಮನನ್ನು ಕೇಳಿದ, "ಏನಮ್ಮಾ, ನಾವು ಹುಳಕ್ಕೆ ಎರಚೋ ಪುಡೀನೇ ಕಲಸಿ ಬಿಟ್ಟಿದ್ದೀರಾ?"

"ಹುಳ ನಿನ್ನಷ್ಟು ಮಾತಾಡಲ್ಲ. ಸುಮ್ನೆ ಮಲ್ಕೋ."

ದಿನಾ ಇಬ್ಬರದೂ ಇದೇ ಜಗಳ. ತಲೆನೋವು ಇಳಿಯಿತು. ಮನೆಗೆ ಕಳಿಸುವಾಗ ಅವಳೇ ಮಾತ್ರೆ ಕೈಗಿಟ್ಟು ಹೇಳಿದಳು: "ನೋವು ಹೋಯ್ತು ಅಂತ ಬಿಟ್ಟುಗಿಟ್ಟೀಯ, ಮುನಿಕೃಷ್ಣ. ಬೂಷ್ಟು ಒಳಗೆ ಅಡಗಿರ್ತದೆ. ಬದುಕಿರೋವರ್ಗೂ ನುಂಗಬೇಕು."

ಊರಿಗೆ ಬಂದ ದಿನ ನನ್ನ ಗಂಡ ಅಂದರು, "ಈ ಬೆಳೆ ಒಂದು ನೀನು ಹುಳುಮನೆಗೆ ಬರಬೇಡ ಕಣಪ್ಪ."

"ನಾನೂ ಅದೇ ಅನ್ಕಂಡಿದ್ದೆ ಅಣ್ಣ" ಅಂದ ಮುನಿಕೃಷ್ಣ.

ಹುಳಕ್ಕೆ ಅಂಟಲ್ಲ ಅಂದ ಡಾಕ್ಟರ ಮಾತು ನನ್ನ ಕಿವಿಯಲ್ಲೇ ಇತ್ತು. ಆದರೂ ಸೊಪ್ಪು ಹೆಚ್ಚುತ್ತಲೇ ಕೂತೆ. ಅವನು ಜಗಲಿಯಲ್ಲೇ ಉಳಿದ. ಸೊಪ್ಪಿನ ಹೊರೆ ಇಳಿಸಲೂ ಮೇಲೇಳುತ್ತಿರಲಿಲ್ಲ.

ಹುಳು ಇನ್ನೇನು ಗೂಡು ಕಟ್ಟಬೇಕು, ಸೋನೆ ಹಿಡಿಯಿತು. ಸೋನೆಯಲ್ಲಿ ಸುಣ್ಣಕಟ್ಟು ಬರುವುದು ಹೊಸದಲ್ಲ, ಬೀದಿಯಲ್ಲಿ ಎಲ್ಲರ ಮನೆಗೂ ಬಂತು. ಆದರೂ ನಾವೆಲ್ಲ ತಿರುಗಿ ಅವನನ್ನೇ ನೋಡಿದೆವು.

ಸತ್ತ ಹುಳು ಮುಚ್ಚಲು ನಾನು ಹೋದಾಗ ಗುಂಡಿಯಲ್ಲಿ ಅವನ ಮಾತ್ರೆಗಳು ಬಿದ್ದಿದ್ದವು.

"ಇದೇನೋ ಇದು?"

"ಸುಣ್ಣಕಟ್ಟಿದ್ದನ್ನ ತಟ್ಟೇಲಿ ಇಟ್ಕಂಡು ಮೇಯಿಸ್ತಾರಾ ಅತ್ತಿಗೆ?"

"ನೀನು ಹುಳ ಅಲ್ಲ ಕಣೋ. ಎತ್ಕಂಡು ನುಂಗು."

ಅವನು ನಕ್ಕ. ನಾನು ಒಳಗೆ ಹೋದೆ. ಉಳಿದ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತು.

ತಲೆನೋವು ತಿರುಗಿ ಬಂದದ್ದನ್ನು ಮುಚ್ಚಿಟ್ಟ. ಗೊತ್ತಾಗಿ ಆಸ್ಪತ್ರೆಗೆ ಹೊರಡು ಅಂದರೆ, "ಮಾತ್ರೆ ಎಲ್ಲೋ ಅಂತ ಆ ನರ್ಸಮ್ಮ ಕೇಳಿದ್ರೆ ಏನನ್ಲಿ?" ಅಂತ ಗೋಡೆ ಕಡೆ ತಿರುಗಿಕೊಂಡ. ಟೆಂಪೋದಲ್ಲಿ ಹಾಕಿಕೊಂಡು ಹೋಗುವಷ್ಟರಲ್ಲಿ ಅವನಿಗೆ ನನ್ನ ಗುರುತೇ ಇರಲಿಲ್ಲ.

ಅದೇ ನರ್ಸಮ್ಮ ಬಂದು ಹೆಸರು ಹಿಡಿದು ಕೂಗಿದಳು. ಅವನು ಕಣ್ಣು ತೆರೆಯಲಿಲ್ಲ. ಅವಳು ನನ್ನ ಕಡೆ ತಿರುಗಿ, "ಯಾಕಮ್ಮ ಮಾತ್ರೆ ಬಿಟ್ಟ?" ಅಂದಳು.

ನಮ್ಮ ಹುಳಕ್ಕೋಸ್ಕರ ಅನ್ನಲು ನನಗೆ ಬಾಯಿ ಬರಲಿಲ್ಲ. "ಗೊತ್ತಿಲ್ಲಮ್ಮ" ಅಂದೆ. ಅವನಿಗೆ ಇನ್ನೂ ಉಸಿರಿತ್ತು. ಕೇಳಿಸಿರಬಹುದು.